ಅಪಾರ್ಟ್‌ಮೆಂಟ್ ತಾರಸಿಯಲ್ಲಿ ಎಲ್ಲರ ಸೋಲಾರ್: ಕಾಮನ್ ಮೀಟರ್‌ನಿಂದ ಶುರು ಮಾಡಿ

ನಮ್ಮದು ಬೆಂಗಳೂರಿನ 40 ಮನೆಗಳ ಅಪಾರ್ಟ್‌ಮೆಂಟ್. ಎರಡು ಲಿಫ್ಟು, ಒಂದು ಬೋರ್‌ವೆಲ್, ಸಂಪಿನಿಂದ ಟ್ಯಾಂಕಿಗೆ ನೀರೆತ್ತುವ ಪಂಪುಗಳು, ಕೊಳಚೆ ನೀರು ಶುದ್ಧ ಮಾಡುವ ಎಸ್‌ಟಿಪಿ, ಮೆಟ್ಟಿಲಿನ ದೀಪ, ಪಾರ್ಕಿಂಗ್ ದೀಪ. ಇಷ್ಟಕ್ಕೂ ಸೇರಿ ಒಂದೇ ಮೀಟರು. ಆ ಬಿಲ್ಲು ಮೆಂಟೆನೆನ್ಸ್ ಲೆಕ್ಕದಲ್ಲಿ ಒಂದು ಸಾಲಾಗಿ ಬರುತ್ತದೆ, ಯಾರೂ ಓದುವುದಿಲ್ಲ. ನಾನೂ ಓದಿರಲಿಲ್ಲ. ಸಂಘದ ಸೆಕ್ರೆಟರಿ ಕೆಲಸ ತಲೆಗೆ ಬಿದ್ದ ಮೇಲೆ ಓದಿದೆ. ಆ ಸಾಲಿನಿಂದಲೇ ನಮ್ಮ ಸೋಲಾರ್ ಶುರುವಾಯಿತು.

ಎಲ್ಲರೂ ಸೇರಿ ಕರೆಂಟ್ ಮಾಡಿಕೊಳ್ಳೋಣ ಎಂದ ತಕ್ಷಣ ಜನ ಪ್ಯಾನೆಲ್ ಬಗ್ಗೆ ಕೇಳುತ್ತಾರೆ. ಯಾವ ಕಂಪನಿ, ಎಷ್ಟು ವಾಟ್, ಗ್ಯಾರಂಟಿ ಎಷ್ಟು ವರ್ಷ? ಪ್ಯಾನೆಲ್ ಸುಲಭದ ವಿಷಯ, ಅಂಗಡಿಯಲ್ಲಿ ಸಿಗುತ್ತದೆ. ಕಷ್ಟ ಇರುವುದು ಲೆಕ್ಕದ ಪುಸ್ತಕದಲ್ಲಿ. ದುಡ್ಡು ಯಾರು ಹಾಕಬೇಕು, ಉಳಿತಾಯ ಯಾರಿಗೆ ಹೋಗಬೇಕು, ಮನೆ ಮಾರಿದರೆ ಪಾಲೇನಾಗುತ್ತದೆ? ಇದು ಮೊದಲೇ ತೀರ್ಮಾನವಾಗದಿದ್ದರೆ ತಾರಸಿಯಲ್ಲಿ ಬಿಸಿಲಿದ್ದೂ ಉಪಯೋಗವಿಲ್ಲ.

ಇದೇನೂ ಹೊಸ ಪಾಠ ಅಲ್ಲ. ಕುಣಿಗಲ್ ತಾಲೂಕಿನ ಪುರ ಎಂಬ ಹಳ್ಳಿಯಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಹಳ್ಳಿಗಳಿಗಾಗಿ ತಂತ್ರಜ್ಞಾನ ರೂಪಿಸುತ್ತಿದ್ದ ಆಸ್ತ್ರ ತಂಡ ಊರಿಗೆಲ್ಲಾ ಒಂದೇ ಗೊಬ್ಬರ ಅನಿಲ ಸ್ಥಾವರ ಕಟ್ಟಿತು. ಅಡುಗೆಗೆ ಗ್ಯಾಸ್ ಕೊಡುವುದು ಮೊದಲ ಯೋಚನೆ. ಎಲ್ಲಾ ಮನೆಯ ಒಲೆಗೆ ಸಾಲುವಷ್ಟು ಸಗಣಿಯೇ ಇರಲಿಲ್ಲ. ಆಮೇಲೆ ಊರಿನವರಿಗೆ ನಿಜಕ್ಕೂ ಬೇಕಾಗಿದ್ದೇನು ಎಂದು ನೋಡಿದರೆ, ನೀರು. 1987ರ ಹೊತ್ತಿಗೆ ಅದೇ ಅನಿಲದಿಂದ ಎಂಜಿನ್ ಓಡಿಸಿ ಕರೆಂಟ್ ಮಾಡಿ, ನಲ್ಲಿಯಲ್ಲಿ ನೀರು, ಮನೆಯಲ್ಲಿ ಟ್ಯೂಬ್‌ಲೈಟ್ ಕೊಟ್ಟರು. ಸಗಣಿ ತಂದು ಹಾಕಿದ ಮನೆಗೆ ಅದಕ್ಕೆ ತಕ್ಕ ಹಣ, ರಾಡಿ ಗೊಬ್ಬರವೂ ವಾಪಸ್. ಯಾರು ಎಷ್ಟು ತಂದರು, ಯಾರಿಗೆ ಎಷ್ಟು ಹೋಯಿತು ಎಂಬ ಲೆಕ್ಕ ಎಲ್ಲರ ಕಣ್ಣೆದುರು ಇತ್ತು. ಅಪಾರ್ಟ್‌ಮೆಂಟಿಗೂ ಇದೇ ಕ್ರಮ: ಬೇಕಾಗಿದ್ದೇನು ನೋಡಿ, ಲೆಕ್ಕ ಬರೆಯಿರಿ, ಯಂತ್ರ ಆಮೇಲೆ.

ಮೊದಲು: ಹನ್ನೆರಡು ತಿಂಗಳ ಬಿಲ್ಲು ತೆಗೆಯಿರಿ

ಕಾಮನ್ ಮೀಟರಿನ ಆರ್‌ಆರ್ ನಂಬರ್ ಹುಡುಕಿ, ಒಂದು ವರ್ಷದ ಬಿಲ್ಲು ಒಟ್ಟು ಮಾಡಿ. ಒಂದೇ ತಿಂಗಳದ್ದು ಸಾಲದು. ಬೇಸಿಗೆಯಲ್ಲಿ ಬೋರ್‌ವೆಲ್ ಜಾಸ್ತಿ ಓಡುತ್ತದೆ, ಮಳೆಗಾಲದಲ್ಲಿ ಕಮ್ಮಿ.

ಬಿಲ್ಲಿನಲ್ಲಿ ಮೂರು ವಿಷಯ ಗುರುತು ಹಾಕಿಕೊಳ್ಳಿ. ಒಂದು, ತಿಂಗಳಿಗೆ ಎಷ್ಟು ಯೂನಿಟ್. ಎರಡು, ಮಂಜೂರಾದ ಲೋಡ್, ಅಂದರೆ ಒಂದೇ ಸಲಕ್ಕೆ ಬಳಸಲು ನಿಮಗೆ ಬಿಟ್ಟಿರುವುದು, ಎಷ್ಟು ಕಿಲೋವಾಟ್. ಮೂರು, ನಿಗದಿತ ಶುಲ್ಕ ಎಷ್ಟು. ಈ ಮೂರನೆಯದರಲ್ಲಿ ಬಹಳ ಜನ ಏಮಾರುತ್ತಾರೆ. ನಿಗದಿತ ಶುಲ್ಕ ಮಂಜೂರಾದ ಲೋಡ್ ಮೇಲೆ ಬೀಳುತ್ತದೆ, ನೀವು ಸುಟ್ಟ ಯೂನಿಟ್ ಮೇಲೆ ಅಲ್ಲ. ಸೋಲಾರ್ ಹಾಕಿದರೂ ಅದು ಬರುತ್ತಲೇ ಇರುತ್ತದೆ. ಹಾಗಾಗಿ ‘ಬಿಲ್ ಝೀರೋ ಆಗುತ್ತದೆ’ ಎಂದು ಯಾರಾದರೂ ಹೇಳಿದರೆ ಟೀ ಕೊಟ್ಟು ಕಳಿಸಿ.

ಮನೆ ಮನೆಯ ಮೀಟರ್ ಬಿಟ್ಟು ಕಾಮನ್ ಮೀಟರನ್ನೇ ಯಾಕೆ ಹಿಡಿಯಬೇಕು? ಎರಡು ಕಾರಣ. ನಮ್ಮಲ್ಲಿ ಅರ್ಧಕ್ಕಿಂತ ಜಾಸ್ತಿ ಮನೆಗೆ ಗೃಹಜ್ಯೋತಿ ಇದೆ. 200 ಯೂನಿಟ್ ಒಳಗಿದ್ದು ಬಿಲ್ಲೇ ಬರದವರಿಗೆ ಸೋಲಾರ್‌ನಿಂದ ಏನು ಲಾಭ ಎಂದರೆ ಉತ್ತರ ಇಲ್ಲ. ಕಾಮನ್ ಮೀಟರಿಗೆ ಆ ಅನುಕೂಲ ಇಲ್ಲ, ಪ್ರತಿ ಯೂನಿಟ್‌ಗೂ ದುಡ್ಡು. ಇನ್ನೊಂದು ಕಾರಣ ಇನ್ನೂ ಮುಖ್ಯ. ಒಂದೇ ಮೀಟರ್ ಆದ್ದರಿಂದ ತಾರಸಿಯ ಕರೆಂಟನ್ನು ಯಾರಿಗೆ ಎಷ್ಟು ಎಂದು ಹಂಚುವ ತಾಪತ್ರಯವೇ ಇಲ್ಲ. ಲಿಫ್ಟಿನಲ್ಲಿ ಎಲ್ಲರೂ ಹೋಗುತ್ತಾರೆ, ನೀರು ಎಲ್ಲರೂ ಕುಡಿಯುತ್ತಾರೆ.

ತಾರಸಿ ಯಾರದ್ದು?

ಕೇಳಲು ತಮಾಷೆ ಅನಿಸುತ್ತದೆ. ಆದರೆ ಡೀಡ್ ಆಫ್ ಡಿಕ್ಲರೇಶನ್, ಅಂದರೆ ಕಟ್ಟಡದಲ್ಲಿ ಯಾವುದು ಯಾರದ್ದು ಎಂದು ಬರೆದಿರುವ ಪತ್ರ, ತೆಗೆದು ನೋಡಿ. ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆ, 1972ರ ಪ್ರಕಾರ ತಾರಸಿ ಸಾಮಾನ್ಯವಾಗಿ ಎಲ್ಲರ ಆಸ್ತಿ. ಹಾಗಿದ್ದೂ ಕೆಲವು ಕಡೆ ಬಿಲ್ಡರ್ ತಾರಸಿಯ ಒಂದು ಭಾಗವನ್ನು ಮೇಲಿನ ಮಹಡಿಯವರಿಗೆ ಪ್ರತ್ಯೇಕವಾಗಿ ಬರೆದುಕೊಟ್ಟಿರುತ್ತಾರೆ. ಅದು ಪ್ಯಾನೆಲ್ ಬಂದಿಳಿದ ದಿನ ಗೊತ್ತಾಗಬಾರದು.

ಆಮೇಲೆ ಟೇಪ್ ಹಿಡಿದು ಮೇಲೆ ಹೋಗಿ. ಒಂದು ಕಿಲೋವಾಟ್‌ಗೆ ಸುಮಾರು 100 ಚದರಡಿ ನೆರಳಿಲ್ಲದ ಜಾಗ ಬೇಕು. ಬೆಂಗಳೂರಿನ ತಾರಸಿ ಎಂದರೆ ಸೋಲಾರ್ ವಾಟರ್ ಹೀಟರುಗಳು ಆಗಲೇ ಸಾಲಾಗಿ ಕೂತಿರುತ್ತವೆ. ನೀರಿನ ಟ್ಯಾಂಕು, ಲಿಫ್ಟ್ ರೂಮು, ಪಕ್ಕದಲ್ಲಿ ಏಳುತ್ತಿರುವ ಹೊಸ ಕಟ್ಟಡ, ಇವುಗಳ ನೆರಳು ನೋಡಿ. ಬೆಳಿಗ್ಗೆ 9ಕ್ಕೆ, ಮಧ್ಯಾಹ್ನ 12ಕ್ಕೆ, ಸಂಜೆ 4ಕ್ಕೆ ಫೋಟೊ ತೆಗೆಯಿರಿ. ಸಾಧ್ಯವಾದರೆ ಡಿಸೆಂಬರ್‌ನಲ್ಲೂ ಒಮ್ಮೆ ತೆಗೆಯಿರಿ, ಆಗ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ, ನೆರಳು ಉದ್ದ. ಪ್ಯಾನೆಲ್ ಮುಖ ದಕ್ಷಿಣಕ್ಕೆ ಇರಲಿ. ಬೆಂಗಳೂರು 13 ಡಿಗ್ರಿ ಅಕ್ಷಾಂಶದಲ್ಲಿದೆ, ಓರೆಯೂ ಸುಮಾರು ಅಷ್ಟೇ ಇದ್ದರೆ ಸಾಕು.

ನಮ್ಮಲ್ಲಿ ದೊಡ್ಡ ವಿರೋಧ ಬಂದಿದ್ದು ದುಡ್ಡಿನ ಮೇಲಲ್ಲ, ಹಪ್ಪಳ ಸಂಡಿಗೆ ಮೇಲೆ. ‘ಎಲ್ಲಾ ಕಡೆ ಪ್ಯಾನೆಲ್ ಹಾಸಿದರೆ ನಾವು ಎಲ್ಲಿ ಒಣಗಿಸೋದು?’ ಎಂದು ಮೂರನೇ ಮಹಡಿಯ ಅಜ್ಜಿ ಮೀಟಿಂಗಿನಲ್ಲಿ ಎದ್ದು ನಿಂತರು. ನ್ಯಾಯವಾದ ಪ್ರಶ್ನೆ. ಆಳೆತ್ತರದ ಕಬ್ಬಿಣದ ಚೌಕಟ್ಟಿನ ಮೇಲೆ ಪ್ಯಾನೆಲ್ ಕೂರಿಸಿ, ಕೆಳಗೆ ಓಡಾಡಲು ಜಾಗ ಬಿಟ್ಟೆವು. ಬಟ್ಟೆ ಒಣಗಿಸುವ ತಂತಿ ಪ್ಯಾನೆಲ್ ಕೆಳಗೆ, ಸಂಡಿಗೆಗೆ ಒಂದು ಮೂಲೆ ಖಾಲಿ. ಎತ್ತರದ ಚೌಕಟ್ಟಿಗೆ ಖರ್ಚು ಜಾಸ್ತಿ ಆಗುತ್ತದೆ, ಗಾಳಿಗೆ ತಡೆಯುವ ಹಾಗೂ ಇರಬೇಕು. ಆದರೆ ತಾರಸಿ ಕಳೆದುಕೊಂಡ ಜನ ಸೋಲಾರ್‌ಗೆ ಯಾವತ್ತೂ ಒಲಿಯುವುದಿಲ್ಲ.

ಇನ್ನೊಂದು ಮಾತು. ಸ್ಲ್ಯಾಬಿಗೆ ತೂತು ಹೊಡೆಯಲು ಬಿಡಬೇಡಿ. ಕಾಂಕ್ರೀಟ್ ದಿಮ್ಮಿ ಮಾಡಿ ಅದರ ಮೇಲೆ ಕಾಲು ನಿಲ್ಲಿಸಬಹುದು. ವಾಟರ್‌ಪ್ರೂಫಿಂಗ್ ಬಾಕಿ ಇದ್ದರೆ ಅದನ್ನು ಮುಗಿಸಿಯೇ ಪ್ಯಾನೆಲ್ ಏರಿಸಿ.

ಲೆಕ್ಕ ಹಾಕಿ, ಹಾಳೆ ಮೇಲೆ

ಬೆಂಗಳೂರಿನಲ್ಲಿ ಒಂದು ಕಿಲೋವಾಟ್ ಸೋಲಾರ್ ವರ್ಷದ ಸರಾಸರಿಯಲ್ಲಿ ದಿನಕ್ಕೆ 4 ಯೂನಿಟ್ ಕೊಡುತ್ತದೆ ಎಂದು ಇಟ್ಟುಕೊಳ್ಳಬಹುದು. ಫೆಬ್ರುವರಿಯಿಂದ ಏಪ್ರಿಲ್ ತನಕ ಇದಕ್ಕಿಂತ ಜಾಸ್ತಿ, ಜುಲೈ ಆಗಸ್ಟ್‌ನಲ್ಲಿ ಕಮ್ಮಿ.

ಒಂದು ಉದಾಹರಣೆ. 20 ಕಿಲೋವಾಟ್ ಹಾಕಿದರೆ ದಿನಕ್ಕೆ 80 ಯೂನಿಟ್, ತಿಂಗಳಿಗೆ 2,400. ತೆರಿಗೆ ಎಲ್ಲಾ ಸೇರಿ ಯೂನಿಟ್‌ಗೆ 7 ರೂಪಾಯಿ ಹಿಡಿದರೆ ತಿಂಗಳಿಗೆ 16,800, ವರ್ಷಕ್ಕೆ ಎರಡು ಲಕ್ಷ. ಕಿಲೋವಾಟ್‌ಗೆ 55,000 ರೂಪಾಯಿ ಖರ್ಚು ಎಂದುಕೊಂಡರೆ ಒಟ್ಟು 11 ಲಕ್ಷ. ನಿಮ್ಮ ದರ, ನಿಮ್ಮ ಕೊಟೇಶನ್ ಬೇರೆ ಇರುತ್ತದೆ, ಆ ಅಂಕಿ ಹಾಕಿಕೊಳ್ಳಿ.

ಈಗ ಸಬ್ಸಿಡಿ. 2024ರಲ್ಲಿ ಬಂದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಒಂಟಿ ಮನೆಗೆ 78,000 ರೂಪಾಯಿ ತನಕ ಸಿಗುವುದು ಎಲ್ಲರಿಗೂ ಗೊತ್ತು. ಅಪಾರ್ಟ್‌ಮೆಂಟ್ ಸಂಘಕ್ಕೂ ಇದೆ ಎನ್ನುವುದು ತುಂಬಾ ಜನರಿಗೆ ಗೊತ್ತಿಲ್ಲ. ಲಿಫ್ಟು, ಪಂಪು, ದೀಪ, ವಾಹನ ಚಾರ್ಜಿಂಗ್ ಥರದ ಸಾಮಾನ್ಯ ಸೌಲಭ್ಯಕ್ಕೆ ಕಿಲೋವಾಟ್‌ಗೆ 18,000 ರೂಪಾಯಿ. ಮನೆಗೆ 3 ಕಿಲೋವಾಟ್ ಲೆಕ್ಕದಲ್ಲಿ ಗರಿಷ್ಠ 500 ಕಿಲೋವಾಟ್. ಯಾರಾದರೂ ಸ್ವಂತಕ್ಕೆ ಆಗಲೇ ಹಾಕಿಸಿದ್ದರೆ ಅವರದ್ದೂ ಈ ಮಿತಿಯೊಳಗೇ ಬರುತ್ತದೆ. ನಮ್ಮ ಉದಾಹರಣೆಯಲ್ಲಿ 3.6 ಲಕ್ಷ ಸಬ್ಸಿಡಿ. ಉಳಿದಿದ್ದು 7.4 ಲಕ್ಷ, ಮನೆಗೆ 18,500. ಪ್ಯಾನೆಲ್ ತೊಳೆಯುವ ಖರ್ಚು ಎಲ್ಲಾ ಕಳೆದರೆ ನಾಲ್ಕು ವರ್ಷದಲ್ಲಿ ಹಣ ವಾಪಸ್.

ಆದರೆ ಸಬ್ಸಿಡಿ ಬರುವುದು ಘಟಕ ಶುರುವಾದ ಮೇಲೆ. ಮೊದಲು ಪೂರ್ತಿ 11 ಲಕ್ಷ ನಿಮ್ಮ ಕೈಯಿಂದಲೇ ಹೋಗಬೇಕು. ಆ 3.6 ಲಕ್ಷವನ್ನು ಸಂಘದ ಇಡುಗಂಟಾದ ಕಾರ್ಪಸ್ ಫಂಡ್‌ನಿಂದ ಕೈಗಡವಾಗಿ ತೆಗೆದು, ಸಬ್ಸಿಡಿ ಬಂದಾಗ ವಾಪಸ್ ಹಾಕುವುದು ಸರಳ ದಾರಿ.

ವಂತಿಗೆ: ಜಗಳ ಆಗುವುದು ಇಲ್ಲೇ

ಸರ್ವ ಸದಸ್ಯರ ಸಭೆಗೆ ಮೊದಲೇ ಈ ನಾಲ್ಕು ಪ್ರಶ್ನೆಗೆ ಕರಡು ಉತ್ತರ ಬರೆದು ಹಂಚಿ. ಸಭೆಯಲ್ಲಿ ಕೂತು ಯೋಚಿಸೋಣ ಎಂದರೆ ರಾತ್ರಿ ಹನ್ನೊಂದಾಗುತ್ತದೆ, ನಿರ್ಣಯ ಆಗುವುದಿಲ್ಲ.

ಎಲ್ಲರೂ ಸಮ ಹಾಕಬೇಕೋ, ಚದರಡಿ ಲೆಕ್ಕದಲ್ಲೋ? ನಿಮ್ಮ ಮೆಂಟೆನೆನ್ಸ್ ಈಗ ಯಾವ ಲೆಕ್ಕದಲ್ಲಿದೆಯೋ ಅದೇ ಲೆಕ್ಕ ಹಿಡಿಯಿರಿ. ಹೊಸ ಸೂತ್ರ ಹುಡುಕಬೇಡಿ. ಹಳೆ ಗಾಯ ಕೆರೆದಂತಾಗುತ್ತದೆ.

ಬಾಡಿಗೆ ಮನೆ ವಿಷಯ? ದುಡ್ಡು ಹಾಕುವವರು ಮಾಲೀಕರು, ಮೆಂಟೆನೆನ್ಸ್ ಕಟ್ಟುವವರು ಬಾಡಿಗೆದಾರರು. ಮೆಂಟೆನೆನ್ಸ್ ಇಳಿಸಿದರೆ ಲಾಭ ಬಾಡಿಗೆದಾರರಿಗೆ, ಹೊರೆ ಮಾಲೀಕರಿಗೆ. ದುಬೈಯಲ್ಲಿರುವ ನಮ್ಮ ಒಬ್ಬ ಮಾಲೀಕರು ಫೋನಿನಲ್ಲಿ ಇದನ್ನೇ ಕೇಳಿದರು, ತಪ್ಪೇನಿಲ್ಲ. ನಾವು ಮಾಡಿದ್ದು ಹೀಗೆ: ಹಾಕಿದ ಹಣ ವಾಪಸ್ ಬರುವ ತನಕ ಮೆಂಟೆನೆನ್ಸ್ ಇಳಿಸುವುದಿಲ್ಲ. ಪ್ರತಿ ತಿಂಗಳ ಉಳಿತಾಯ ಬೇರೆ ಖಾತೆಗೆ ಹೋಗುತ್ತದೆ, ವರ್ಷಕ್ಕೊಮ್ಮೆ ಹಣ ಹಾಕಿದ ಮಾಲೀಕರಿಗೆ ಹಂಚುತ್ತೇವೆ. ಎಲ್ಲಾ ತೀರಿದ ಮೇಲೆ ಉಳಿತಾಯ ಮೆಂಟೆನೆನ್ಸ್‌ಗೆ.

ಮನೆ ಮಾರಿದರೆ? ಪಾಲು ಮನೆಯ ಜೊತೆ ಹೋಗುತ್ತದೆ. ಸಂಘ ಯಾರಿಗೂ ಹಣ ವಾಪಸ್ ಕೊಡುವುದಿಲ್ಲ. ಮಾರುವವರು ಬೇಕಾದರೆ ಬೆಲೆಯಲ್ಲಿ ಸೇರಿಸಿಕೊಳ್ಳಲಿ.

ಕೊಡಲ್ಲ ಎನ್ನುವವರು? ಇದ್ದೇ ಇರುತ್ತಾರೆ. 40ರಲ್ಲಿ ಏಳು ಮನೆ ಒಪ್ಪಲಿಲ್ಲ ಎಂದುಕೊಳ್ಳಿ. 1,29,500 ರೂಪಾಯಿ ಕೊರತೆ. ಅವರನ್ನು ವಾಟ್ಸಾಪ್ ಗುಂಪಿನಲ್ಲಿ ಹೀಯಾಳಿಸಿ ಉಪಯೋಗ ಇಲ್ಲ, ನಾಳೆ ಲಿಫ್ಟಿನಲ್ಲಿ ಮುಖ ನೋಡಬೇಕಲ್ವಾ? ಕೈಯಲ್ಲಿ ಹಣ ಇರುವ ಸದಸ್ಯರಿಂದ ಸಂಘ ಆ ಮೊತ್ತ ಸಾಲ ತೆಗೆಯಲಿ, ಬ್ಯಾಂಕ್ ಎಫ್‌ಡಿ ಬಡ್ಡಿ ಕೊಡಲಿ. ಆ ಏಳು ಮನೆಯ ಪಾಲಿನ ಉಳಿತಾಯ ಮೊದಲು ಆ ಸಾಲಕ್ಕೆ ಹೋಗಲಿ. ಶೇ. 7 ಬಡ್ಡಿ ಹಿಡಿದರೆ ನಾಲ್ಕೂವರೆ ವರ್ಷದಲ್ಲಿ ಸಾಲ ತೀರುತ್ತದೆ. ಅವರು ಒಂದು ಪೈಸೆಯನ್ನೂ ಜೇಬಿನಿಂದ ಕೊಟ್ಟಂತಾಗಲಿಲ್ಲ, ಬೇರೆಯವರ ತಲೆ ಮೇಲೆ ಕೂತಂತೆಯೂ ಆಗಲಿಲ್ಲ. ನಮ್ಮಲ್ಲಿ ಈ ದಾರಿ ತೋರಿಸಿದ ಮೇಲೆ ಬೇಡ ಎಂದವರಲ್ಲಿ ಇಬ್ಬರು ತಾವೇ ಬಂದು ಚೆಕ್ ಕೊಟ್ಟರು.

ಕಂಪನಿಯೇ ಬಂಡವಾಳ ಹಾಕಿ, ನೀವು ಯೂನಿಟ್ ಲೆಕ್ಕದಲ್ಲಿ ಕೊಳ್ಳುವ ಪದ್ಧತಿಯೂ ಇದೆ. ಕೈಯಿಂದ ಹಣ ಹೋಗುವುದಿಲ್ಲ ಎಂಬುದು ನಿಜ. ಆದರೆ ಹದಿನೈದು, ಇಪ್ಪತ್ತೈದು ವರ್ಷದ ಕರಾರು. ನಡುವೆ ತಾರಸಿ ರಿಪೇರಿ ಬಂದರೆ ಯಾರು ಬಿಚ್ಚಬೇಕು, ಕರಾರು ಮುರಿದರೆ ಎಷ್ಟು ಕಟ್ಟಬೇಕು ಎಂದು ಓದದೆ ಸಹಿ ಹಾಕಬೇಡಿ. ನನಗಂತೂ ಸ್ವಂತ ಹಣವೇ ವಾಸಿ ಅನಿಸಿತು.

ಅರ್ಜಿ ಮತ್ತು ಕೊಟೇಶನ್

ಸಭೆಯ ನಿರ್ಣಯದಲ್ಲಿ ಘಟಕದ ಸಾಮರ್ಥ್ಯ, ಗರಿಷ್ಠ ಖರ್ಚು, ಸಹಿ ಹಾಕುವವರ ಹೆಸರು ಮೂರೂ ಇರಲಿ. ಅದನ್ನು ಹಿಡಿದು ಸೂರ್ಯಘರ್ ಪೋರ್ಟಲ್‌ನಲ್ಲಿ ಸಂಘದ ಹೆಸರಿನಲ್ಲಿ ನೋಂದಣಿ ಮಾಡಿ. ಬೆಸ್ಕಾಂ, ಮೆಸ್ಕಾಂ, ಹೆಸ್ಕಾಂ, ಯಾವುದು ನಿಮ್ಮದೋ ಅದರ ಉಪವಿಭಾಗ ಕಚೇರಿಗೂ ಒಮ್ಮೆ ಹೋಗಿ ಬನ್ನಿ. ಮಂಜೂರಾದ ಲೋಡ್‌ಗೆ ಎಷ್ಟು ಸೋಲಾರ್ ಬಿಡುತ್ತಾರೆ, ಹೆಚ್ಚುವರಿ ಯೂನಿಟ್‌ಗೆ ಏನು ದರ ಎಂದು ಕೇಳಿ, ಉತ್ತರ ಬರಹದಲ್ಲಿ ತೆಗೆದುಕೊಳ್ಳಿ.

2024ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮ ತಿದ್ದಿತು. 10 ಕಿಲೋವಾಟ್ ತನಕ ತಾಂತ್ರಿಕ ಪರಿಶೀಲನೆ ಇಲ್ಲದೆಯೇ ಅರ್ಜಿ ಒಪ್ಪಿಗೆಯಾದಂತೆ. ಅದಕ್ಕಿಂತ ದೊಡ್ಡದಾದರೆ 15 ದಿನದಲ್ಲಿ ಪರಿಶೀಲನೆ ಮುಗಿಯಬೇಕು. ಈ ನಿಯಮದ ಪ್ರತಿ ಫೈಲಿನಲ್ಲಿರಲಿ, ಮಾತಿಗೆ ಬಲ ಬರುತ್ತದೆ. ದೊಡ್ಡ ಘಟಕಕ್ಕೆ ವಿದ್ಯುತ್ ಪರಿವೀಕ್ಷಣಾಲಯದ ತಪಾಸಣೆಯೂ ಇರುತ್ತದೆ, ಅದರ ಓಡಾಟ ಯಾರದ್ದು ಎಂದು ಕೊಟೇಶನ್‌ನಲ್ಲೇ ಬರೆಸಿ.

ಮೂರು ಕೊಟೇಶನ್ ತನ್ನಿ. ಕಡಿಮೆ ಬೆಲೆಯದ್ದು ಯಾಕೆ ಕಡಿಮೆ ಎಂದು ಕೇಳಿ. ಸಬ್ಸಿಡಿ ಬೇಕಾದರೆ ಪ್ಯಾನೆಲ್ ಭಾರತದಲ್ಲೇ ತಯಾರಾದ ಸೆಲ್‌ಗಳದ್ದಾಗಿರಬೇಕು, ವೆಂಡರ್ ಪೋರ್ಟಲ್‌ನಲ್ಲಿ ನೋಂದಾಯಿಸಿದವರಾಗಿರಬೇಕು, ಐದು ವರ್ಷ ನಿರ್ವಹಣೆ ಅವರೇ ಮಾಡಬೇಕು. 2025ರ ಸೆಪ್ಟೆಂಬರ್‌ನಲ್ಲಿ ಸೋಲಾರ್ ಪ್ಯಾನೆಲ್ ಮೇಲಿನ ಜಿಎಸ್‌ಟಿ ಶೇ. 12ರಿಂದ 5ಕ್ಕೆ ಇಳಿಯಿತು. ಹಳೆ ಕೊಟೇಶನ್ ತೋರಿಸಿದರೆ ತಿದ್ದಿಸಿ. ಹಣ ಕಂತಿನಲ್ಲಿ ಕೊಡಿ, ಕೊನೆಯ ಕಂತು ಮೀಟರ್ ತಿರುಗಿದ ಮೇಲೆ.

ಜನರೇಟರ್ ಇದ್ದರೆ ಇದನ್ನು ಎರಡು ಸಲ ಓದಿ

ಸಾಮಾನ್ಯ ಸೋಲಾರ್ ಘಟಕ ಗ್ರಿಡ್ (ಹೊರಗಿನ ಕರೆಂಟ್ ಜಾಲ) ಜೊತೆ ಸೇರಿಕೊಂಡೇ ಕೆಲಸ ಮಾಡುತ್ತದೆ. ಹಗಲು ನೀವು ಬಳಸಿ ಮಿಕ್ಕಿದ್ದು ಹೊರಗೆ ಹೋಗುತ್ತದೆ, ರಾತ್ರಿ ಲಿಫ್ಟಿಗೆ ಬೇಕಾದ್ದು ಹೊರಗಿನಿಂದ ಬರುತ್ತದೆ. ಎರಡೂ ಕಡೆ ಎಣಿಸುವ ಮೀಟರ್ ಹಾಕುತ್ತಾರೆ, ವ್ಯತ್ಯಾಸಕ್ಕೆ ಬಿಲ್ಲು. ಇದೇ ನೆಟ್ ಮೀಟರಿಂಗ್.

ಆದರೆ ಕರೆಂಟ್ ಹೋದರೆ ಸೋಲಾರೂ ನಿಲ್ಲುತ್ತದೆ. ಉರಿ ಬಿಸಿಲಿದ್ದರೂ ನಿಲ್ಲುತ್ತದೆ. ತಂತಿ ರಿಪೇರಿ ಮಾಡುತ್ತಿರುವ ಲೈನ್‌ಮನ್‌ಗೆ ನಿಮ್ಮ ತಾರಸಿಯಿಂದ ಶಾಕ್ ಹೊಡೆಯಬಾರದಲ್ಲ, ಅದಕ್ಕೆ. ಇದನ್ನು ಸಭೆಯಲ್ಲೇ ಹೇಳಿಬಿಡಿ. ಇಲ್ಲದಿದ್ದರೆ ಮೊದಲ ಪವರ್ ಕಟ್ ದಿನ ಸೆಕ್ರೆಟರಿ ಫೋನು ನಿಲ್ಲುವುದಿಲ್ಲ.

ಈಗ ಜನರೇಟರ್. ಕರೆಂಟ್ ಹೋಗಿ ಡಿಜಿ (ಡೀಸೆಲ್ ಜನರೇಟರ್) ಶುರುವಾದರೆ, ಪ್ಯಾನೆಲ್ ಕರೆಂಟನ್ನು ಕಟ್ಟಡಕ್ಕೆ ಹೊಂದುವಂತೆ ಬದಲಿಸುವ ಇನ್ವರ್ಟರ್‌ಗೆ ಅದು ಗ್ರಿಡ್ ಬಂದಂತೆಯೇ ಕಾಣುತ್ತದೆ, ಸೋಲಾರ್ ಮತ್ತೆ ಕರೆಂಟ್ ಹರಿಸಲು ಶುರು ಮಾಡುತ್ತದೆ. ಕಟ್ಟಡದ ಬಳಕೆ ಕಡಿಮೆ ಇದ್ದು ಬಿಸಿಲು ಜೋರಾಗಿದ್ದರೆ ಆ ಕರೆಂಟ್ ಡಿಜಿ ಒಳಗೇ ತಿರುಗಿ ಹೋಗುತ್ತದೆ. ನಮ್ಮಲ್ಲಿ ಹಾಗೇ ಆಯಿತು. ಹಾಕಿಸಿದ ಎರಡನೇ ವಾರ ಮಟಮಟ ಮಧ್ಯಾಹ್ನ ಡಿಜಿ ಕೆಮ್ಮಿ ನಿಂತಿತು, ಲಿಫ್ಟಿನಲ್ಲಿ ಇಬ್ಬರು ಸಿಕ್ಕಿಕೊಂಡರು. ಡಿಜಿ ಜೊತೆ ಹೊಂದಿಸುವ ಕಂಟ್ರೋಲರ್ ವೆಂಡರ್ ಹಾಕಿರಲಿಲ್ಲ, ನಾವೂ ಕೇಳಿರಲಿಲ್ಲ. ನೀವು ಕೇಳಿ. ಕೊಟೇಶನ್‌ನಲ್ಲಿ ಅದಕ್ಕೊಂದು ಸಾಲು ಇರಲಿ. ಅದು ಬೇಡ ಎಂದರೆ ಡಿಜಿ ಓಡುವಾಗ ಸೋಲಾರ್ ತಾನಾಗಿ ಬಿಟ್ಟುಕೊಳ್ಳುವ ವ್ಯವಸ್ಥೆಯಾದರೂ ಇರಲಿ.

ಬಂದ ಮೇಲೆ

ಪಂಪಿನ ಟೈಮರ್ ಬದಲಿಸಿ. ಬೆಳಿಗ್ಗೆ ಐದಕ್ಕೆ ಓಡುತ್ತಿದ್ದ ಬೋರ್‌ವೆಲ್ ಹನ್ನೊಂದಕ್ಕೆ ಓಡಲಿ. ಟ್ಯಾಂಕು ತುಂಬಿದ್ದರೆ ನೀರು ಸಂಜೆಗೂ ಇರುತ್ತದೆ, ಬಿಸಿಲು ಇರುವುದಿಲ್ಲ. ಹೊರಗೆ ಕೊಟ್ಟ ಯೂನಿಟ್‌ಗೆ ಸಿಗುವ ದರ ಇವತ್ತು ಒಂದು, ನಾಳೆ ಇನ್ನೊಂದು. ಅಲ್ಲೇ ಬಳಸಿದ ಯೂನಿಟ್‌ನ ಬೆಲೆ ಯಾರೂ ಕಿತ್ತುಕೊಳ್ಳಲಾರರು.

ಪ್ಯಾನೆಲ್ ತೊಳೆಯುವುದು ಬೆಳಿಗ್ಗೆ, ಬಿಸಿಯಾಗುವ ಮೊದಲು. ಬಿಸಿ ಗಾಜಿನ ಮೇಲೆ ತಣ್ಣೀರು ಸುರಿಯಬೇಡಿ. ಬೋರ್‌ವೆಲ್‌ನ ಗಡಸು ನೀರು ಬಿಳಿ ಕಲೆ ಬಿಡುತ್ತದೆ, ಕಾವೇರಿ ನೀರೋ ಮಳೆ ನೀರೋ ಇದ್ದರೆ ಒಳ್ಳೆಯದು. ಪಕ್ಕದಲ್ಲಿ ಕಟ್ಟಡ ಕೆಲಸ ನಡೆಯುತ್ತಿದ್ದರೆ ವಾರಕ್ಕೊಮ್ಮೆ ತೊಳೆಯಿರಿ, ಇಲ್ಲದಿದ್ದರೆ ಹದಿನೈದು ದಿನಕ್ಕೊಮ್ಮೆ ಸಾಕು. ಪಾರಿವಾಳಕ್ಕೆ ಬಲೆ ಕಟ್ಟಿ.

ಇನ್ನು, ಮನೆ ಮನೆಗೂ ಹಂಚುವ ಆಸೆ ಆಮೇಲೆ ಬರುತ್ತದೆ. ಒಂದೇ ಘಟಕದ ಕರೆಂಟನ್ನು ಬೇರೆ ಬೇರೆ ಮೀಟರುಗಳ ಬಿಲ್ಲಿಗೆ ಪಾಲಿನ ಪ್ರಕಾರ ಜಮಾ ಮಾಡುವ ಪದ್ಧತಿಗೆ ವರ್ಚುವಲ್ ನೆಟ್ ಮೀಟರಿಂಗ್ ಎನ್ನುತ್ತಾರೆ. ದೆಹಲಿಯ ವಿದ್ಯುತ್ ನಿಯಂತ್ರಣ ಆಯೋಗ 2019ರಲ್ಲೇ ಇದಕ್ಕೆ ಮಾರ್ಗಸೂಚಿ ತಂದಿತ್ತು. ಕರ್ನಾಟಕದಲ್ಲಿ ಇದನ್ನು ತೀರ್ಮಾನಿಸುವುದು ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗ, ಕೆಇಆರ್‌ಸಿ. ಹಾಕಿಸುವ ದಿನ ಯಾವ ಆದೇಶ ಜಾರಿಯಲ್ಲಿದೆಯೋ ಅದನ್ನು ಉಪವಿಭಾಗದಲ್ಲಿ ಕೇಳಿ ತೆಗೆದುಕೊಳ್ಳಿ. ಕಾಮನ್ ಮೀಟರಿನ ಲೆಕ್ಕ ಎರಡು ವರ್ಷ ಜಗಳ ಇಲ್ಲದೆ ನಡೆದಿದ್ದರೆ ಇದಕ್ಕೆ ಕೈ ಹಾಕಿ. ಊರಲ್ಲಿ ಜಮೀನಿದ್ದವರು ಗುಜರಾತಿನ ಖೇಡಾ ಜಿಲ್ಲೆಯ ಧುಂಡಿ ಕಡೆ ನೋಡಬಹುದು. 2016ರಲ್ಲಿ ಅಲ್ಲಿನ ಆರು ರೈತರು ಸೋಲಾರ್ ಪಂಪ್ ಹಾಕಿಕೊಂಡು, ಸಹಕಾರ ಸಂಘ ಕಟ್ಟಿ, ನೀರಾವರಿಗೆ ಬಳಸಿ ಮಿಕ್ಕ ಕರೆಂಟನ್ನು ವಿದ್ಯುತ್ ಕಂಪನಿಗೆ ಮಾರಲು ಶುರು ಮಾಡಿದರು.

ಕೊನೆಯದಾಗಿ ಪಾಸ್‌ವರ್ಡ್. ಎಷ್ಟು ಉತ್ಪಾದನೆಯಾಯಿತು ಎಂದು ತೋರಿಸುವ ಆ್ಯಪ್ ಇರುತ್ತದೆ. ನಮ್ಮದು ಹಾಕಿಸಿದ ಎಂಜಿನಿಯರ್ ಹುಡುಗನ ಸ್ವಂತ ನಂಬರಿಗೆ ನೋಂದಣಿಯಾಗಿತ್ತು. ಅವನು ಕೆಲಸ ಬಿಟ್ಟ, ನಂಬರ್ ಬದಲಾಯಿತು. ಮೂರು ತಿಂಗಳು ಒಂದು ಸಾಲು ಪ್ಯಾನೆಲ್ ಸತ್ತಿದ್ದು ನಮಗೆ ಗೊತ್ತಾಗಲೇ ಇಲ್ಲ. ಸಂಘದ ಇಮೇಲ್‌ಗೆ ನೋಂದಣಿ ಮಾಡಿಸಿ. ಜೊತೆಗೆ ಮೀಟರ್ ರೂಮಿನಲ್ಲಿ ಒಂದು ನೋಟ್‌ಬುಕ್ ನೇತು ಹಾಕಿ. ಪ್ರತಿ ಭಾನುವಾರ ಸೋಲಾರ್ ಮೀಟರಿನ ಅಂಕಿ ಬರೆಯಬೇಕು. ನಮ್ಮಲ್ಲಿ ಬರೆಯುವುದು ವಾಚ್‌ಮನ್ ಅಣ್ಣ. ಕಳೆದ ವಾರ ಅಂಕಿ ಕಮ್ಮಿ ಇದೆ ಸಾರ್, ಮೇಲೆ ಧೂಳು ಜಾಸ್ತಿ ಆಗಿದೆ ಎಂದು ಅವರೇ ಬಂದು ಹೇಳಿದರು.